ಗಿಣ್ಣಾಲು, ಡಬ್ಬಿ ಹಾಲು, ಡೈರಿ ಹಾಲು: ಕೂಸಿನ ಎದೆಗೂಡಿನ ಕತೆ

ಮಳೆ ಕಳೆದು ಬೆಳಗಿನ ಹೊತ್ತು ಮಂಜು ಬೀಳೋಕೆ ಶುರುವಾಯ್ತು ಅಂದ್ರೆ ನಮ್ಮ ಬೆಳಗೊಳದ ಕಡೆ ಕೂಸಿರೋ ಮನೆಗಳಲ್ಲೆಲ್ಲ ಒಂದೇ ಪಂಚಾಯ್ತಿ. ಕೂಸಿಗೆ ಶೀತ ಆಗದೆ, ಎದೆ ಗೊರಗೊರ ಅಂತದೆ. ಒಬ್ರು ಅಂತಾರೆ, ಹಾಲು ಕಫ ಕಣವ್ವ, ಮೊದ್ಲು ಹಾಲು ನಿಲ್ಸು. ಇನ್ನೊಬ್ರು ಅಂತಾರೆ, ನಿನ್ ಹಾಲು ಸಾಲ್ದು, ಅದ್ಕೇ ಕೂಸು ಬಡವಾಗದೆ, ಡಬ್ಬಿ ತರ್ಸು. ಮೂರ್ನೇವ್ರು, ಡಬ್ಬಿ ಯಾಕೆ, ನಾಟಿ ಹಸಿನ ಹಾಲಿಗೆ ಒಸಿ ನೀರು ಬೆರೆಸಿ ಹಾಕು ಅಂತಾರೆ. ಮೂವರೂ ಪ್ರೀತಿಯಿಂದಲೇ ಹೇಳೋದು. ಆದ್ರೆ ಮೂರು ಮಾತು ಮೂರು ದಿಕ್ಕು. ಮಧ್ಯದಲ್ಲಿ ಹೊಸ ಬಾಣಂತಿ ಕಂಗಾಲು.

ಈ ವರ್ಷ ನಮ್ಮ ಬೀದೀಲೇ ಮೂರು ಬಾಣಂತನ ಅವೆ. ಅದಕ್ಕೆ ಈ ಮಾತುಗಳು ಎಲ್ಲಿಂದ ಬಂದ್ವು, ಯಾವುದರಲ್ಲಿ ಎಷ್ಟು ನಿಜ ಅಂತ ಒಸಿ ಓದಿ, ಹಿರೀಕರನ್ನ ಕೇಳಿ ಇಲ್ಲಿ ಬರೀತಿದ್ದೀನಿ. ನಾನು ಓದಿರೋದು ಪಿಯುಸಿ, ಡಾಕ್ಟ್ರಲ್ಲ. ಆದ್ರೆ ನಮ್ಮ ಸೀಮೆಯ ಹಾಲಿನ ಚರಿತ್ರೆ ಗೊತ್ತಾದ್ರೆ ಅರ್ಧ ಗೊಂದಲ ತಾನೇ ಹೋಯ್ತದೆ ಅನ್ನೋದು ನನ್ನ ನಂಬಿಕೆ.

ಹೆಸರಿಗೆ ಬೆಣ್ಣೆ, ಕೆಲಸಕ್ಕೆ ಫಿರಂಗಿ

ನಮ್ಮದು ಹಾಲು ತುಪ್ಪದ ನಾಡು, ಹಿಂದಿನವರು ಹಂಡೆಗಟ್ಟಲೆ ಹಾಲು ಕುಡಿದು ಬೆಳೆದರು ಅಂತ ನಾವು ಹೇಳ್ಕೋತೀವಿ. ಅದು ಪೂರ್ತಿ ನಿಜ ಅಲ್ಲ.

ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿಟ್ರು. ಆಮೇಲೆ ಟಿಪ್ಪು ಸುಲ್ತಾನ ಅದನ್ನೇ ಅಮೃತ ಮಹಲ್ ಅಂತ ಮಾಡಿದ. ಒಂದರಲ್ಲಿ ಬೆಣ್ಣೆ ಅದೆ, ಇನ್ನೊಂದರಲ್ಲಿ ಅಮೃತ ಅದೆ. ಆದ್ರೆ ಆ ದನಗಳಿಗೆ ಹೆಸರು ಬಂದಿದ್ದು ಹಾಲಿನಿಂದಲ್ಲ. ಫಿರಂಗಿ ಎಳೆಯೋಕೆ, ದಂಡಿನ ಸಾಮಾನು ಹೊರೋಕೆ ಅವುಕ್ಕೆ ಸಮ ಇರಲಿಲ್ಲ. ಅರಮನೆಗೆ ಹಾಲು ಬೆಣ್ಣೆ ಹೋಗ್ತಿತ್ತು, ನಿಜ. ರೈತರ ಕೊಟ್ಟಿಗೇಲಿ ಇದ್ದುದು ಹಳ್ಳಿಕಾರ್ ತಳಿ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಕಡೆ ಈಗ್ಲೂ ಹಳ್ಳಿಕಾರ್ ಎತ್ತು ಅಂದ್ರೆ ಜನ ನಿಂತು ನೋಡ್ತಾರೆ. ಉಳೋಕೆ, ಗಾಡಿಗೆ ಅದಕ್ಕಿಂತ ಎತ್ತಿಲ್ಲ. ಹಸ ಮಾತ್ರ ಕರು ಕುಡಿದು ಮಿಕ್ಕಿದ್ದರಲ್ಲಿ ಲೀಟರೋ ಎರಡೋ ಕೊಟ್ರೆ ದೊಡ್ಡದು. ಅದೂ ಮೊಸರಾಗಿ, ಮಜ್ಜಿಗೆಯಾಗಿ ಮನೆ ಮಂದಿಗೆಲ್ಲ ಹಂಚಬೇಕು.

ಅಂದ್ರೆ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಹಸಗೂಸಿಗೆ ಹಾಲು ಅಂದ್ರೆ ತಾಯಿ ಹಾಲೇ. ಎರಡು ವರ್ಷ, ಮೂರು ವರ್ಷ, ಇನ್ನೊಂದು ಕೂಸು ಬರೋ ತನಕ ಅದೇ. ಜೊತೆಗೆ ರಾಗಿ ಸರಿ, ಅನ್ನದ ಗಂಜಿ. ಇದು ಬಡತನದಿಂದ ಬಂದ ಪದ್ಧತಿ ಇರಬಹುದು. ಆದ್ರೆ ಇವತ್ತಿನ ಡಾಕ್ಟ್ರು ಹೇಳೋದಕ್ಕೂ ಅದಕ್ಕೂ ಹೆಚ್ಚು ದೂರ ಇಲ್ಲ.

ಹಸಿನ ಗಿಣ್ಣು ಕಣ್ಣಿಗೊತ್ಕೋತೀವಿ, ತಾಯಿ ಗಿಣ್ಣು ಚೆಲ್ತೀವಿ

ಹಳಬರ ಪದ್ಧತಿಯೆಲ್ಲ ಒಳ್ಳೇದೇ ಅಂತಲೂ ಹೇಳಕ್ಕಾಗಲ್ಲ. ಈ ಒಂದು ವಿಷಯ ನನ್ನನ್ನ ಬಹಳ ದಿನದಿಂದ ಕಾಡ್ತಾ ಅದೆ.

ಹಸ ಈದ್ರೆ ನಮ್ಮಲ್ಲಿ ಏನು ಸಂಭ್ರಮ! ಮೊದಲ ದಿನದ ಗಿಣ್ಣಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೇಲಿ ಬೇಯಿಸಿ ಅಕ್ಕಪಕ್ಕದ ಮನೆಗೆಲ್ಲ ಹಂಚ್ತೀವಿ. ಕರೀಗೆ ಮೊದಲು ಗಿಣ್ಣು ಕುಡಿಸದೇ ಇದ್ರೆ ಕರ ಉಳಿಯಲ್ಲ ಅಂತ ಪ್ರತಿಯೊಬ್ಬ ರೈತನಿಗೂ ಗೊತ್ತು. ಆದ್ರೆ ಮನೆ ಸೊಸೆ ಹೆತ್ತಾಗ? ಮೊದಲು ಬರೋ ಆ ಹಳದಿ, ಮಂದ ಹಾಲನ್ನ ‘ಕೆಟ್ಟಾಲು’, ‘ಜೀರ್ಣ ಆಗಲ್ಲ’ ಅಂತ ಹಿಂಡಿ ಚೆಲ್ಲಿಸ್ತಿದ್ರು. ಎರಡು ಮೂರು ದಿನ ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ, ಬೇರೆ ಬಾಣಂತಿ ಹಾಲು, ಇಲ್ಲಾ ಹಸಿನ ಹಾಲು. ಕರೀಗೆ ಸಿಕ್ಕಿದ ಮರ್ಯಾದೆ ನಮ್ಮ ಕೂಸಿಗೆ ಸಿಕ್ತಿರಲಿಲ್ಲ.

ತಾಯಿ ಗಿಣ್ಣು ಅಂದ್ರೆ ಕೂಸಿನ ಮೊದಲ ಲಸಿಕೆ ಅಂತ ಆಸ್ಪತ್ರೇಲಿ ಹೇಳೋದು ಬಾಯಿಮಾತಿಗಲ್ಲ. ಅದರಲ್ಲಿ ರೋಗ ತಡೆಯೋ ಪ್ರತಿಕಾಯ ಅನ್ನೋವು ತುಂಬಿರ್ತವೆ. ಅವು ಕೂಸಿನ ಮೂಗು, ಗಂಟಲು, ಕರುಳಿನ ಒಳಮೈಗೆ ಕಾವಲು ನಿಲ್ತವೆ. ತಾಯಿಗೆ ಯಾವ ಶೀತ ತಗುಲಿತ್ತೋ ಅದನ್ನ ತಡೆಯೋ ಶಕ್ತಿ ಅವಳ ಹಾಲಲ್ಲೇ ಕೂಸಿಗೆ ಹೋಯ್ತದೆ. ಹಸಿನ ಗಿಣ್ಣಲ್ಲಿ ಹಸಿನ ಕೊಟ್ಟಿಗೆ ರೋಗಕ್ಕೆ ಮದ್ದಿರ್ತದೆ, ನಮ್ಮ ಗಿಣ್ಣಲ್ಲಿ ನಮ್ಮ ಮನೆ ರೋಗಕ್ಕೆ.

‘ಮೊದಲ ದಿನ ಹಾಲೇ ಬರಲ್ಲ, ನಾಕು ತೊಟ್ಟು ಬತ್ತದೆ, ಅದೆಲ್ಲಿ ಸಾಲ್ತದೆ’ ಅಂತ ಕೇಳೋರಿಗೆ ಒಂದು ಲೆಕ್ಕ. ಹುಟ್ಟಿದ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯೋದು ಒಂದು ಚಮಚದಷ್ಟು, ಐದರಿಂದ ಏಳು ಮಿಲಿ ಲೀಟರ್ ಮಾತ್ರ. ಆ ನಾಕು ತೊಟ್ಟು ಆ ಹೊಟ್ಟೆಗೆ ಅಳತೆ ಮಾಡಿಟ್ಟ ಹಾಗೆ ಇರ್ತದೆ. ‘ಹಾಲಿಲ್ಲ’ ಅನ್ನೋ ಮಾತು ಮುಕ್ಕಾಲು ಪಾಲು ಹುಟ್ಟೋದೇ ಈ ಮೊದಲ ಎರಡು ದಿನದಲ್ಲಿ. ಆಗ ಬೇರೆ ಹಾಲು ಕೊಟ್ಟುಬಿಟ್ರೆ ಕೂಸು ಚೀಪೋದು ಕಡಿಮೆ ಮಾಡ್ತದೆ, ಚೀಪೋದು ಕಮ್ಮಿ ಆದ್ರೆ ನಿಜವಾಗ್ಲೂ ಹಾಲು ಇಳೀತದೆ. ಆಡಿದ ಮಾತು ತಾನೇ ನಿಜ ಆಗಿಬಿಡ್ತದೆ.

ಇದು ಹಳೇ ಕಾಲದ ಮಾತು ಅನ್ಕೋಬೇಡಿ. 2019ರಿಂದ 2021ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕಿದ್ದು ನೂರಕ್ಕೆ 42 ಕೂಸಿಗೆ ಮಾತ್ರ. ಹೆರಿಗೆಯೆಲ್ಲ ಆಸ್ಪತ್ರೇಲೇ ಆಗೋ ಕಾಲದಲ್ಲೂ ಇಷ್ಟೇ.

ಒಳಲೆ ಮತ್ತು ನೆತ್ತಿಗೇರೋದು

ಬೆಳ್ಳಿದೋ ಹಿತ್ತಾಳೆದೋ ಒಳಲೆ ಇಲ್ಲದ ಮನೆ ನಮ್ಮಲ್ಲಿ ಕಮ್ಮಿ. ತವರಿಂದ ಬಂದಿದ್ದು, ಅಜ್ಜಿ ಕಾಲದ್ದು ಅಂತ ಜೋಪಾನ ಮಾಡಿರ್ತೀವಿ. ಒಳಲೆ ಕೆಟ್ಟದ್ದಲ್ಲ. ತೂಕ ಕಮ್ಮಿ ಇರೋ, ಚೀಪೋಕೆ ಶಕ್ತಿ ಇಲ್ಲದ ಕೂಸಿಗೆ ಆಸ್ಪತ್ರೇಲೂ ತಾಯಿ ಹಾಲು ಹಿಂಡಿ ಇಂಥದ್ರಲ್ಲೇ ಕುಡಿಸ್ತಾರೆ. ಬಾಟ್ಲಿಗಿಂತ ಇದು ಮೇಲು, ತೊಳೆದು ಕುದಿಸೋಕೆ ಸುಲಭ.

ತೊಂದರೆ ಬರೋದು ಕುಡಿಸೋ ರೀತೀಲಿ. ಕೂಸನ್ನ ಕಾಲ ಮೇಲೆ ಅಂಗಾತ ಮಲಗಿಸ್ಕೊಂಡು, ಅಳ್ತಿರೋವಾಗ್ಲೇ ಮೂಗು ಹಿಡಿದು, ಒಳಲೆ ತುಂಬ ಹುಯ್ದುಬಿಡೋದು. ನೆತ್ತಿಗೇರ್ತು ಅಂತೀವಲ್ಲ, ಅದು ನಿಜವಾಗಿ ಏರೋದು ನೆತ್ತಿಗಲ್ಲ, ಇಳಿಯೋದು ಶ್ವಾಸನಾಳಕ್ಕೆ. ಹಾಲು ಪುಪ್ಪಸಕ್ಕೆ ಹೋದ್ರೆ ಅಲ್ಲಿ ಉರಿ ಎದ್ದು ನ್ಯುಮೋನಿಯಾ ಆಯ್ತದೆ. ಹರಳೆಣ್ಣೆ, ತುಪ್ಪ ಇನ್ನೂ ಅಪಾಯ. ಎಣ್ಣೆ ಪುಪ್ಪಸಕ್ಕೆ ಇಳಿದ್ರೆ ಕೆಮ್ಮು ಕೂಡ ಸರಿಯಾಗಿ ಬರದೇ ಅಲ್ಲೇ ಕೂತ್ಬುಡ್ತದೆ. ಮೂಗಿಗೆ ಎಣ್ಣೆ ಬಿಡೋದೂ ಹಾಗೇನೆ. ಎಣ್ಣೆಯಿಂದ ಆಗೋ ನ್ಯುಮೋನಿಯಾಕ್ಕೆ ಡಾಕ್ಟ್ರ ಪುಸ್ತಕದಲ್ಲಿ ಬೇರೆ ಹೆಸರೇ ಅದೆ.

ಅದಕ್ಕೆ ಒಳಲೇಲಿ ಕೊಡಲೇಬೇಕಾದ್ರೆ ಕೂಸಿನ ತಲೆ ಎತ್ತರದಲ್ಲಿರಲಿ, ಎಚ್ಚರ ಇರಲಿ, ಅಳು ನಿಂತಿರಲಿ, ತುಟಿಗೆ ತಾಕಿಸಿ ತೊಟ್ಟು ತೊಟ್ಟಾಗಿ ಹೋಗಲಿ. ಕುಡಿದ ಮೇಲೆ ಹೆಗಲ ಮೇಲೆ ಹಾಕ್ಕೊಂಡು ತೇಗು ತರಿಸಿ.

ಕಟ್ಟೆ, ನಾಲೆ, ಆಮೇಲೆ ಡಬ್ಬಿ

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿ 1931ರ ಹೊತ್ತಿಗೆ ಮುಗೀತು. ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೇಲಿ ನೀರು ಹರೀತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಆಮೇಲೆ ನಮ್ಮೂರಲ್ಲೇ ಪೇಪರ್ ಮಿಲ್ಲು ಬಂತು. ನೀರಾವರಿ ಬಂದಲ್ಲಿ ದುಡ್ಡು ಓಡಾಡ್ತು, ಗದ್ದೆ ಕೆಲಸವೂ ಹೆಚ್ಚಾಯ್ತು. ನಾಟಿ, ಕಳೆ, ಕಬ್ಬು ಕಡಿತ ಅಂತ ಹೆಂಗಸರು ಹೊತ್ತಾರೆ ಹೋಗಿ ಸಂಜೆ ಬರೋರು. ಮನೇಲಿ ಕೂಸು ಅಜ್ಜಿ ಹತ್ರ. ಬೇರೆ ಹಾಲಿನ ಅಗತ್ಯ ಬಂದಿದ್ದು ಹೀಗೆ.

ಅದೇ ಸಮಯಕ್ಕೆ ಪೇಟೇಲಿ ಡಬ್ಬಿ ಹಾಲು ಬಂತು. ಮೊದಮೊದಲು ಅದೆಲ್ಲ ಹಡಗಲ್ಲಿ ಸೀಮೆಯಿಂದ ಬರ್ತಿತ್ತು, ಬೆಲೆ ಜಾಸ್ತಿ. ಅದನ್ನ ನಮ್ಮ ದೇಶದಲ್ಲೇ ಮಾಡೋ ವಿದ್ಯೆ ಎಲ್ಲಿ ಸಿದ್ಧ ಆಯ್ತು ಗೊತ್ತಾ? ನಮಗೆ ಕೂಗಳತೇಲಿರೋ ಮೈಸೂರಲ್ಲೇ! 1950ರಲ್ಲಿ ಚೆಲುವಾಂಬ ಅರಮನೇಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ. ನಮ್ಮ ದೇಶದಲ್ಲಿ ಎಮ್ಮೆ ಹಾಲು ಹೆಚ್ಚು, ಆದ್ರೆ ಅದರಲ್ಲಿ ಕೊಬ್ಬು ಜಾಸ್ತಿ, ಕೂಸಿನ ಹೊಟ್ಟೇಲಿ ಗಟ್ಟಿ ಗಡ್ಡೆಯಾಗಿ ಒಡೀತದೆ, ಇದರಿಂದ ಕೂಸಿನ ಆಹಾರ ಮಾಡಕ್ಕಾಗಲ್ಲ ಅಂತ ಹೊರದೇಶದವರು ಅಂತಿದ್ರು. ಮೈಸೂರಿನ ವಿಜ್ಞಾನಿಗಳು ಆ ಎಮ್ಮೆ ಹಾಲನ್ನೇ ಹದ ಮಾಡಿ, ಕೂಸಿಗೆ ಜೀರ್ಣ ಆಗೋ ಪುಡಿ ಮಾಡೋ ವಿಧಾನ ಕಂಡುಹಿಡಿದ್ರು. 1960ರ ಸುಮಾರಿಗೆ ಗುಜರಾತಿನ ಅಮುಲ್ ಅದನ್ನ ತಯಾರಿಸೋಕೆ ಶುರು ಮಾಡ್ತು. ಅದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ತಾಯಿ ಕಳ್ಕೊಂಡ ಕೂಸಿಗೆ, ಹಾಲು ಕೊಡಲಾಗದ ಕಾಯಿಲೆ ಇರೋ ತಾಯಿಯ ಕೂಸಿಗೆ ಡಬ್ಬಿ ಹಾಲು ಜೀವ.

ಕಷ್ಟ ಬಂದಿದ್ದು ಬೇಡದ ಕೂಸಿಗೂ ಅದು ಹೋದಾಗ. ಡಬ್ಬಿ ಮೇಲೆ ಗುಂಡುಗುಂಡಾದ ಬಿಳೀ ಕೂಸಿನ ಚಿತ್ರ ಇರೋದು. ಅದನ್ನ ನೋಡಿದ ತಾಯಿಗೆ ತನ್ನ ಕರೀ ಬಡಕಲು ಕೂಸು ಕಂಡು ಸಂಕಟ ಆಗೋದು. ಡಬ್ಬಿ ಕೊಡೋದು ಪೇಟೆಯೋರ ಲಕ್ಷಣ, ಓದಿದೋರ ಲಕ್ಷಣ ಅಂತಲೂ ಆಯ್ತು.

ಹೊರಗಿನ ಲೋಕದಲ್ಲಿ ಇದರ ಜಗಳ ಬಹಳ ಹಿಂದೆನೇ ಶುರುವಾಗಿತ್ತು. 1939ರಲ್ಲಿ ಸಿಂಗಾಪುರದಲ್ಲಿ ಸಿಸಿಲಿ ವಿಲಿಯಮ್ಸ್ ಅನ್ನೋ ಹೆಣ್ಣು ಡಾಕ್ಟ್ರು, ಗಟ್ಟಿ ಸಕ್ಕರೆ ಹಾಲಿನ ಡಬ್ಬಿಯನ್ನ ಕೂಸಿಗೆ ಒಳ್ಳೇದು ಅಂತ ಮಾರೋದನ್ನ ಕೊಲೆಗೆ ಹೋಲಿಸಿ ಭಾಷಣ ಮಾಡಿದ್ರು. ಎದುರಿಗೆ ಕೂತಿದ್ದೋರು ಊರಿನ ದೊಡ್ಡ ಮನುಷ್ಯರು. 1977ರಲ್ಲಿ ಅಮೆರಿಕದಲ್ಲಿ ಜನ ಒಂದು ದೊಡ್ಡ ಕಂಪ್ನಿಯ ಸಾಮಾನನ್ನೇ ಬಹಿಷ್ಕಾರ ಹಾಕಿದ್ರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಸಿನ ಹಾಲು ಮಾರೋಕೆ ನಿಯಮ ತಂತು. ನಮ್ಮ ದೇಶ 1992ರಲ್ಲಿ ಕಾನೂನೇ ಮಾಡಿ 2003ರಲ್ಲಿ ಇನ್ನೂ ಬಿಗಿ ಮಾಡ್ತು. ಈಗ ಡಬ್ಬಿ ಮೇಲೆ ಕೂಸಿನ ಚಿತ್ರ ಹಾಕಂಗಿಲ್ಲ, ಟಿವೀಲಿ ಜಾಹೀರಾತು ಕೊಡಂಗಿಲ್ಲ, ಬಾಣಂತಿಗೆ ಪುಕ್ಕಟೆ ಡಬ್ಬಿ ಹಂಚಂಗಿಲ್ಲ. ಹಾಲಿನ ಬಾಟ್ಲಿಗೂ ಅದೇ ಕಾನೂನು.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನೋರಿಗೆ ಬ್ರೆಜಿಲ್ ದೇಶದ ಲೆಕ್ಕ ಹೇಳ್ತೀನಿ. ಅಲ್ಲಿನ ಪೋರ್ಟೊ ಅಲೆಗ್ರೆ, ಪೆಲೋಟಾಸ್ ಅನ್ನೋ ಎರಡು ಊರಲ್ಲಿ ತೀರಿಕೊಂಡ ಕೂಸುಗಳ ಮನೆಮನೆಗೆ ಹೋಗಿ ವಿಚಾರಿಸಿ 1987ರಲ್ಲಿ ಪ್ರಕಟ ಮಾಡಿದ್ರು. ತಾಯಿ ಹಾಲು ಒಂಚೂರೂ ಸಿಗದ ಕೂಸು ಉಸಿರಿನ ಸೋಂಕಿಂದ ಸಾಯೋ ಅಪಾಯ, ತಾಯಿ ಹಾಲು ಮಾತ್ರ ಕುಡಿಯೋ ಕೂಸಿಗಿಂತ 3.6 ಪಟ್ಟು. ಭೇದಿಯಿಂದ ಸಾಯೋ ಅಪಾಯ 14 ಪಟ್ಟು. ಬೇರೆ ಹಾಲಿಂದ ಭೇದಿ ಆಯ್ತದೆ ಅಂತ ನಮಗೆಲ್ಲ ಗೊತ್ತಿತ್ತು. ಅದು ಕೂಸಿನ ಉಸಿರಿಗೂ ಸಂಬಂಧಪಟ್ಟಿದ್ದು ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ.

ನಮ್ಮನೇಲೂ ಒಂದು ಅಂಥಾ ಕೂಸಿತ್ತು. ನನಗಾಗ ಐದೋ ಆರೋ ವರ್ಷ. ನನ್ನ ತಮ್ಮ ಹುಟ್ಟಿದ ಮೇಲೆ ಅವ್ವನಿಗೆ ವಿಪರೀತ ಜ್ವರ. ಜ್ವರದ ಹಾಲು ಕೊಡಬೇಡ ಅಂತ ಯಾರೋ ಹೇಳಿದ್ರು. ಡಬ್ಬಿ ತಂದ್ರು. ಅದರ ಬೆಲೆ ಆಗ ನಮ್ಮಪ್ಪನಿಗೆ ಎರಡು ಮೂರು ದಿನದ ಕೂಲಿ. ಒಂದು ಡಬ್ಬಿ ತಿಂಗಳು ಬರಲಿ ಅಂತ ಅಜ್ಜಿ ನೀರು ಜಾಸ್ತಿ ಹಾಕ್ತಿದ್ರು. ಕೂಸು ಅಳ್ತಿತ್ತು, ಮತ್ತೆ ನೀರು. ಮೂರು ತಿಂಗಳಿಗೆ ಚಳಿಗಾಲ ಬಂತು, ಪಕ್ಕೆ ಎಳ್ಕೊಳೋಕೆ ಶುರುವಾಯ್ತು. ಎರಡು ದಿನ ಮಂತ್ರ ಹಾಕಿಸಿದ್ರು. ಮೂರನೇ ದಿನ ಮೈಸೂರಿಗೆ ಎತ್ಕೊಂಡು ಹೋಗೋ ಹೊತ್ಗೆ ಹೊತ್ತು ಮೀರಿತ್ತು. ಅದಕ್ಕೆ ಹೆಸರು ಕೂಡ ಇಟ್ಟಿರಲಿಲ್ಲ. ಯಾರ ತಪ್ಪೂ ಅಲ್ಲ, ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಮಾಮೂಲಿ ಜ್ವರ ಬಂದ ತಾಯಿ ಹಾಲು ಕೊಡಬಹುದು, ಕೊಡಬೇಕು ಅಂತ ನನಗೆ ತಿಳಿದಿದ್ದು ನಾನು ತಾಯಾದಾಗ. ಅವ್ವ ಇವತ್ತಿಗೂ ಮಕ್ಕಳು ಎಷ್ಟು ಅಂತ ಕೇಳಿದ್ರೆ ಒಂದು ಗಳಿಗೆ ತಡೆದು ಹೇಳ್ತಾಳೆ.

ಸೀಮೆ ಹಸ, ಡೈರಿ, ಮತ್ತೆ ಸೊಸೆಯ ಕಪ್ಪು ಕಾಪಿ

1974ರಲ್ಲಿ ವಿಶ್ವಬ್ಯಾಂಕಿನ ನೆರವಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಶುರುವಾಯ್ತು, 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳ ಆಯ್ತು. ಊರೂರಿಗೆ ಹಾಲಿನ ಸಂಘ, ಮದ್ದೂರು ತಾಲ್ಲೂಕು ಗೆಜ್ಜಲಗೆರೇಲಿ ಮನ್‌ಮುಲ್ ಡೈರಿ. ಹಳ್ಳಿಕಾರ್ ಹಸಿನ ಜಾಗಕ್ಕೆ ಸೀಮೆ ಹಸ ಬಂತು. ಎರಡು ಲೀಟರ್ ಕರೆಯೋ ಕಡೆ ಹತ್ತು ಹನ್ನೆರಡು ಲೀಟರ್. ಡೈರಿ ದುಡ್ಡಲ್ಲಿ ಎಷ್ಟೋ ಮನೆ ಹೆಣ್ಣುಮಕ್ಕಳು ಓದಿದ್ರು, ಸಂಸಾರ ನಿಂತಿತು. ನಮ್ಮ ಕೈಗೆ ಅಂತ ಮೊದಲು ದುಡ್ಡು ಬಂದಿದ್ದೇ ಡೈರಿಯಿಂದ.

ಆದ್ರೆ ಒಂದು ಮಾತು ಹೇಳಲೇಬೇಕು. ಎರಡು ಲೀಟರ್ ಕರೆಯೋ ಕಾಲದಲ್ಲಿ ಮನೇಲಿ ಮಜ್ಜಿಗೆಯಾದ್ರೂ ಇರ್ತಿತ್ತು. ಹತ್ತು ಲೀಟರ್ ಕರೆಯೋ ಮನೇಲಿ ಕ್ಯಾನು ತುಂಬಿ ಡೈರಿಗೆ ಹೋಗಿ, ಬಸುರಿ ಸೊಸೆ ಕಪ್ಪು ಕಾಪಿ ಕುಡಿಯೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಕೂಸಿನ ಎದೆಗೂಡಿಗೂ ಈ ಕಪ್ಪು ಕಾಪಿಗೂ ಏನು ಸಂಬಂಧ ಅಂತೀರಾ? ಅದೆ, ಅದಕ್ಕೂ ಮೈಸೂರಲ್ಲೇ ಸಾಕ್ಷಿ ಅದೆ.

ಮೈಸೂರಿನ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂತಾರಲ್ಲ, ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆ ಸುತ್ತಳತೆ ಎಲ್ಲ ಸಂದಾಕಿ ಬರೆದಿಟ್ಟಿದ್ರು. ಯಾವ ನರ್ಸಮ್ಮ ಬರೆದ್ರೋ, ಅವರ ಕೈಗೆ ನಮಸ್ಕಾರ. ಅರವತ್ತು ವರ್ಷ ಆದ ಮೇಲೆ ಆ ಪುಸ್ತಕಗಳು ವಿಜ್ಞಾನಿಗಳ ಕೈಗೆ ಸಿಕ್ಕಿ, ಆ ಕೂಸುಗಳು ಈಗ ಎಲ್ಲವ್ರೆ ಅಂತ ಹುಡುಕಿದ್ರು. ನಲವತ್ತು, ಐವತ್ತು ದಾಟಿದ 286 ಜನರ ಉಸಿರಿನ ಬಲ ಅಳೆದು 1997ರಲ್ಲಿ ಪ್ರಕಟಿಸಿದ್ರು. ಹುಟ್ಟಿದಾಗ ತೂಕ ಕಮ್ಮಿ ಇದ್ದೋರ ಪುಪ್ಪಸದ ಶಕ್ತಿ ದೊಡ್ಡವರಾದ ಮೇಲೂ ಕಮ್ಮಿನೇ ಇತ್ತು. ಅಂದ್ರೆ ಎದೆಗೂಡಿನ ಕತೆ ಕೂಸು ಹುಟ್ಟೋಕೆ ಮುಂಚೆನೇ ಶುರುವಾಗಿರ್ತದೆ.

ಇನ್ನು ಪುಣೆ ಹತ್ರದ ಹಳ್ಳಿಗಳಲ್ಲಿ ಸುಮಾರು 800 ಬಸುರೇರು ಏನೇನು ತಿಂದ್ರು ಅಂತ ಬರೆದಿಟ್ಟು 2001ರಲ್ಲಿ ಲೆಕ್ಕ ಕೊಟ್ರು. ಹಾಲು, ಸೊಪ್ಪು, ಹಣ್ಣು ಹೆಚ್ಚು ತಿಂದ ತಾಯಂದಿರ ಕೂಸುಗಳು ಹುಟ್ಟಿದಾಗ ದೊಡ್ಡವಾಗಿದ್ದವು. ಅವರೂ ನಮ್ಮಂಗೆ ಹೊಲದಲ್ಲಿ ದುಡಿಯೋ ಹೆಂಗಸರೇ.

ಎರಡನ್ನೂ ಜೋಡಿಸಿ ನೋಡಿದ್ರೆ ನನಗೆ ಅನ್ನಿಸೋದು ಇಷ್ಟು. ಕೂಸಿಗೆ ಯಾವ ಹಾಲು ಅಂತ ಜಗಳ ಆಡೋ ನಾವು, ಅದರ ತಾಯಿ ಲೋಟದಲ್ಲಿ ಏನಿತ್ತು ಅಂತ ಯಾವತ್ತಾದ್ರೂ ಕೇಳಿದ್ವಾ? ಸರ್ಕಾರಕ್ಕೆ ಇದು ಅರ್ಥ ಆಗದೆ. 1975ರಲ್ಲಿ ಅಂಗನವಾಡಿ ಯೋಜನೆ ಬಂದಾಗ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ಪಕ್ಕದ ಟಿ. ನರಸೀಪುರ ತಾಲ್ಲೂಕಲ್ಲಿ. 2013ರಲ್ಲಿ ಕ್ಷೀರಭಾಗ್ಯ ಬಂತು, ಅಂಗನವಾಡಿ, ಸ್ಕೂಲು ಮಕ್ಕಳಿಗೆ 150 ಮಿಲಿ ಹಾಲು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಬಂತು, ಬಸುರಿ ಬಾಣಂತಿಗೆ ಬಿಸಿ ಊಟದ ಜೊತೆ 200 ಮಿಲಿ ಹಾಲು. ‘ಅಂಗನವಾಡೀಲಿ ಹೋಗಿ ಕೂತ್ಕೊಂಡು ಉಣ್ಣೋದಾ, ಜನ ಏನಂದಾರು’ ಅಂತ ಸೊಸೇನ ತಡೆಯೋ ಅತ್ತೇರಿಗೆ ಈ ಮಾತು.

ಹಾಲು ಕಫ ಅನ್ನೋದು

ಈಗ ಮೊದಲಿನ ಮಾತಿಗೆ. ಹಾಲು ಕುಡಿದ್ರೆ ಕಫ ಅನ್ನೋದು ನಮ್ಮ ಅಜ್ಜಿಯರ ಮಾತು ಮಾತ್ರ ಅಲ್ಲ. ಆಯುರ್ವೇದದಲ್ಲೂ ಹಾಲನ್ನ ಕಫ ಹೆಚ್ಚಿಸೋದು ಅಂತಾರೆ. ದೂರದ ಈಜಿಪ್ಟಲ್ಲಿ ಹನ್ನೆರಡನೇ ಶತಮಾನದಲ್ಲಿದ್ದ ಮೈಮೊನೈಡಿಸ್ ಅನ್ನೋ ಯಹೂದಿ ವೈದ್ಯರು ಗೂರಲಿನ ಬಗ್ಗೆ ಬರೆದ ಪುಸ್ತಕದಲ್ಲೂ ಹಾಲು ಬೇಡ ಅಂದಿದ್ದಾರೆ. ಲೋಕದ ಎಲ್ಲಾ ಮೂಲೇಲೂ ಇದೇ ಮಾತು ಇರೋದು ನೋಡಿ ನನಗೂ ಆಶ್ಚರ್ಯ ಆಯ್ತು.

ಆದ್ರೆ ಪರೀಕ್ಷೆ ಮಾಡಿ ನೋಡಿದಾಗ ಬೇರೆ ಕಂಡಿತು. ಆಸ್ಟ್ರೇಲಿಯಾದಲ್ಲಿ 60 ಜನ ದೊಡ್ಡೋರಿಗೆ ಬೇಕಂತಲೇ ನೆಗಡಿ ರೋಗಾಣು ಹಾಕಿ, ದಿನಾ ಎಷ್ಟು ಹಾಲು ಕುಡಿದ್ರು, ಎಷ್ಟು ಸಿಂಬಳ ಸುರೀತು ಅಂತ ತೂಕ ಹಾಕಿ ಬರೆದಿಟ್ರು. 1990ರಲ್ಲಿ ಪ್ರಕಟ ಆಯ್ತು. ಹೆಚ್ಚು ಹಾಲು ಕುಡಿದೋರಿಗೆ ಹೆಚ್ಚು ಸಿಂಬಳ ಅನ್ನೋದು ಸುಳ್ಳಾಯ್ತು. ಮತ್ಯಾಕೆ ಹಂಗನ್ನಿಸ್ತದೆ? ಹಾಲು ಎಂಜಲ ಜೊತೆ ಸೇರಿದ್ರೆ ಒಸಿ ಮಂದ ಆಗಿ ಗಂಟಲಲ್ಲಿ ಅಂಟಿದಂಗೆ ಅನ್ನಿಸ್ತದೆ. ಅದು ಕಫ ಅಲ್ಲ.

ಹಂಗಂತ ಹಾಲು ಯಾರಿಗೂ ಆಗದೇ ಇರಲ್ಲ ಅಂತಲ್ಲ. ಕೆಲವು ಕೂಸಿಗೆ ಹಸಿನ ಹಾಲಿನ ಸಸಾರಜನಕ ಒಗ್ಗಲ್ಲ. ಅಂಥಾ ಕೂಸಿಗೆ ಉಬ್ಬಸದ ಜೊತೆ ಮೈ ಮೇಲೆ ಗಂಧೆ, ವಾಂತಿ, ಮಲದಲ್ಲಿ ರಕ್ತ ಇಂಥವು ಕಾಣ್ತವೆ. ಅದನ್ನ ಡಾಕ್ಟ್ರೇ ಹೇಳಬೇಕು, ನಾವು ನೀವಲ್ಲ. ಬರೀ ಶೀತ ಅಂತ ಒಂದೂವರೆ ವರ್ಷದ ಮೊಗಿನ ಹಾಲು ಬಿಡಿಸಿ ವಾರಗಟ್ಟಲೆ ಬಿಸ್ಕತ್ತು ನೀರಲ್ಲಿ ಸಾಕಿದ್ರೆ ಇರೋ ಶಕ್ತಿನೂ ಹೋಯ್ತದೆ. ಎದೆ ಹಾಲನ್ನಂತೂ ಶೀತ, ಕೆಮ್ಮು ಯಾವುದಕ್ಕೂ ನಿಲ್ಲಿಸಬಾರದು. ಮೂಗು ಕಟ್ಟಿದ್ರೆ ಒಸ್ಒಸಿ ಹೊತ್ತು, ಮೇಲಿಂದ ಮೇಲೆ ಕೊಡಿ.

ಹಾಲಿನ ಮೇಲೆ ತಪ್ಪು ಹೊರಿಸೋ ನಾವು ಹೊಗೆಯನ್ನ ಮರೀತೀವಿ. ಎರೆದ ಮೇಲೆ ಕೂಸನ್ನ ಸಾಂಬ್ರಾಣಿ ಹೊಗೆ ಮೇಲೆ ಹಿಡಿಯೋದು, ಬಾಣಂತಿ ಕೋಣೇಲಿ ಕಿಟಕಿ ಮುಚ್ಚಿ ಕೆಂಡ ಇಡೋದು, ಸೊಳ್ಳೆ ಬತ್ತಿ, ಗಂಡಸರ ಬೀಡಿ, ನೀರೊಲೆ ಹೊಗೆ. ಕೂಸಿನ ಪುಪ್ಪಸಕ್ಕೆ ಇವೇ ನಿಜವಾದ ಶತ್ರು. ಗ್ಯಾಸ್ ಬಂದು ಅಡುಗೆ ಮನೆ ಹೊಗೆ ಹೋಯ್ತು, ಬಾಣಂತಿ ಕೋಣೆ ಹೊಗೆ ಇನ್ನೂ ಹೋಗಿಲ್ಲ.

ಇಷ್ಟು ನೆನಪಿಟ್ಕೊಂಡ್ರೆ ಸಾಕು

ಬಸುರಿಗೆ ದಿನಾ ಹಾಲು, ಸೊಪ್ಪು. ಡೈರಿಗೆ ಹಾಕೋಕೆ ಮುಂಚೆ ಅವಳ ಲೋಟ ತುಂಬಲಿ.

ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಗಿಣ್ಣು. ಒಂದು ತೊಟ್ಟೂ ಚೆಲ್ಲಬೇಡಿ.

ಆರು ತಿಂಗಳ ತನಕ ತಾಯಿ ಹಾಲು ಮಾತ್ರ, ನೀರೂ ಬೇಡ. ‘ನಮ್ಮ ಕಾಲದಲ್ಲಿ ನಾಕು ತಿಂಗಳಿಗೇ ಸರಿ ಕೊಡ್ತಿದ್ವಿ, ಡಾಕ್ಟ್ರೇ ಹೇಳ್ತಿದ್ರು’ ಅಂತೀರಲ್ಲ, ಅದೂ ನಿಜ. ಆಗ ನಾಕರಿಂದ ಆರು ತಿಂಗಳು ಅಂತಿತ್ತು, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೂರ್ತಿ ಆರು ಅಂತ ಮಾಡ್ತು.

ಆರು ತಿಂಗಳಾದ ಮೇಲೆ ರಾಗಿ ಸರಿ, ಬೇಳೆ ಅನ್ನ, ಸೊಪ್ಪು, ಮೊಟ್ಟೆ, ಜೊತೆಗೆ ಎದೆ ಹಾಲು ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಹಸಿನ ಹಾಲು ಕುಡಿಯೋಕೆ ಅಂತ ಕೊಡೋದು ವರ್ಷ ತುಂಬಿದ ಮೇಲೆ. ನಮ್ಮ ಹಾಲಲ್ಲಿ 100 ಮಿಲಿಗೆ ಸಸಾರಜನಕ ಒಂದು ಗ್ರಾಂ ಚಿಲ್ಲರೆ, ಹಸಿನ ಹಾಲಲ್ಲಿ ಮೂರು ಗ್ರಾಂ ದಾಟ್ತದೆ. ವರ್ಷದೊಳಗಿನ ಕೂಸಿನ ಮೂತ್ರಪಿಂಡಕ್ಕೆ ಅದು ಹೊರೆ, ಅದರಲ್ಲಿ ಕಬ್ಬಿಣದ ಅಂಶವೂ ಕಮ್ಮಿ. ವರ್ಷ ಆದ ಮೇಲೂ ದಿನಕ್ಕೆ ಅರ್ಧ ಲೀಟರ್ ಮೀರಬೇಡಿ, ಹಾಲಲ್ಲೇ ಹೊಟ್ಟೆ ತುಂಬಿದ್ರೆ ಮೊಗ ಊಟ ಮಾಡಲ್ಲ, ರಕ್ತ ಕಮ್ಮಿ ಆಯ್ತದೆ.

ಡಬ್ಬಿ ಹಾಲು ಕೊಡಲೇಬೇಕು ಅಂತ ಡಾಕ್ಟ್ರು ಹೇಳಿದ್ರೆ ನಾಚ್ಕೋಬೇಡಿ, ಯಾರೂ ಆ ತಾಯೀನ ಆಡ್ಕೋಬೇಡಿ. ಕುದಿಸಿದ ನೀರು, ಡಬ್ಬಿ ಮೇಲಿರೋ ಅಳತೆ, ಬಾಟ್ಲಿ ಬದಲು ಲೋಟ ಚಮಚ. ಉಳಿಸೋಕೆ ಅಂತ ನೀರು ಜಾಸ್ತಿ ಹಾಕ್ಬೇಡಿ.

ನ್ಯುಮೋನಿಯಾ ಲಸಿಕೆ ಪಿಸಿವಿ 2021ರಿಂದ ಇಡೀ ದೇಶದಲ್ಲಿ ಪುಕ್ಕಟೆ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಹಾಕ್ತಾರೆ. ಆಶಾ ಕಾರ್ಯಕರ್ತೆ ಹೇಳಿದ ದಿನ ತಪ್ಪಿಸ್ಬೇಡಿ.

ಕೊನೇದು, ಬಹಳ ಮುಖ್ಯವಾದ್ದು. ಕೂಸು ಮಲಗಿರೋವಾಗ ಬಟ್ಟೆ ಎತ್ತಿ, ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚು ಆದ್ರೆ ಅದು ಬರೀ ಶೀತ ಅಲ್ಲ. ಉಸಿರು ತಗೊಳೋವಾಗ ಪಕ್ಕೆ ಒಳಕ್ಕೆ ಎಳ್ಕೊಂಡ್ರೆ, ಹಾಲು ಬಿಟ್ರೆ, ತುಟಿ ನೀಲಿ ತಿರುಗಿದ್ರೆ ಅದೇ ಗಳಿಗೆ ಆಸ್ಪತ್ರೆ. ಬೆಳಗ್ಗೆ ನೋಡವ ಅನ್ಬೇಡಿ, ಅವರಿವರ ಕೇಳ್ಬೇಡಿ. ಎಣಿಸೋಕೆ ಓದು ಬೇಕಿಲ್ಲ, ಒಂದರಿಂದ ಅರವತ್ತು ಬಂದ್ರೆ ಸಾಕು. ನಿಮ್ಮ ಬೀದೀಲಿ ಬಾಣಂತಿ ಇದ್ರೆ ಅವಳ ಅತ್ತೆಗೂ ಅವ್ವನಿಗೂ ಇದನ್ನ ಓದಿ ಹೇಳಿ. ಕೂಸು ಅವರ ಕೈಲೇ ತಾನೇ ಬೆಳೆಯೋದು.